ಅರುವತ್ತು ಮೊಲ ಆಳ

ಪುಟಕ್ಕೆ ಎಂಬತ್ತು ಪೈಸೆ.
ದಿನಕ್ಕೆ ಆರುನೂರು ಪುಟ ಮಗುಚಿದರೆ
ಸಂಜೆಗೆ ಬೆರಳ ತುದಿಯ ಗೆರೆಗಳೇ ಸವೆದು
ರೇಷನ್ ಅಂಗಡಿಯ ಯಂತ್ರ
ನನ್ನನ್ನು ನಾನಲ್ಲ ಅನ್ನುತ್ತದೆ.

ಚಾಮರಾಜಪೇಟೆಯ ಗ್ರಂಥಾಲಯ, ಮೇಲಿನ ಮಹಡಿ.
ಎರಡು ಕ್ಯಾಮೆರಾ, ಬೊಗಸೆಯಂಥ ತೊಟ್ಟಿಲು.
ಪುಸ್ತಕ ಮಲಗಿಸಿ, ಗಾಜು ಇಳಿಸಿ, ಪೆಡಲ್ ಒತ್ತಬೇಕು.
ಅಮ್ಮನ ಹೊಲಿಗೆ ಯಂತ್ರ ತುಳಿದ ಕಾಲು ಇದು,
ಬೇಗ ಕಲಿತಿತು.
ಓದಬಾರದು ಅಂತ ಯಾರೂ ಹೇಳಿಲ್ಲ.
ಓದಿದರೆ ಪುಟ ಕಮ್ಮಿಯಾಗುತ್ತದೆ, ಅಷ್ಟೆ.

ನಡುವೆ ಸಿಕ್ಕುವ ಬಸ್ ಟಿಕೀಟು, ಒಂದು ಬಿಳಿ ಕೂದಲು,
ಯಾರದೋ ಅಗಸರ ಲೆಕ್ಕ
(ಪಂಚೆ ನಾಲ್ಕು, ದಿಂಬಿನ ಚೀಲ ಎರಡು, ಒಂದು ಬರಲಿಲ್ಲ)
ಲಕೋಟೆಗೆ ಹಾಕಿ ನಂಬರು ಬರೆಯುತ್ತೇನೆ.
ಅವಕ್ಕೆ ದುಡ್ಡಿಲ್ಲ.

ಪಿಳ್ಳಪ್ಪನವರು ಬರುವುದು ಹನ್ನೊಂದಕ್ಕೆ.
ಪೇಪರಿನ ತಲೆಬರಹ ಓದುತ್ತಾರೆ,
ಕೆಳಗಿನ ಸಾಲುಗಳಿಗೆ ಕಣ್ಣು ಸಾಲದು.
ಆವತ್ತು ಮೆಟ್ಟಿಲು ಹತ್ತಿ ಬಂದು ಏದುಸಿರಲ್ಲೇ,
“ಬಾವಿ ಪುಸ್ತಕ ಎಲ್ಲಮ್ಮಾ?
ಕೆಳಗೆ ಕೇಳಿದರೆ ಮೇಲೆ ಹೋಗಿದೆ ಅಂತಾರೆ.”

ಬಾವಿ ತೋಡುವವರ ಕೈಪಿಡಿ, ಅರುವತ್ತೊಂದನೇ ಇಸವಿ,
ಬೆಲೆ ಎಪ್ಪತ್ತೈದು ನಯಾಪೈಸೆ:
ನನ್ನ ಒಂದು ಪುಟಕ್ಕಿಂತ ಐದು ಪೈಸೆ ಅಗ್ಗ.
ಹಾಳೆ ಹಪ್ಪಳವಾಗಿತ್ತು.
ಮುಟ್ಟಬೇಡಿ ತಾತ, ಪರದೆಯಲ್ಲಿ ನೋಡಿ, ಅಂದೆ.
ಹಿಗ್ಗಿಸಿದೆ. ಅಕ್ಷರ ವಡೆಯಷ್ಟಾಯಿತು,
ರೊಟ್ಟಿಯಷ್ಟಾಯಿತು.
ಅವರು ಕನ್ನಡಕ ತೆಗೆದರು.

ನಲವತ್ತೆರಡನೇ ಪುಟದಲ್ಲಿ ನಿಲ್ಲಿಸಿ ಅಂದರು.
“ಅರುವತ್ತು ಮೊಲ ಆಳಕ್ಕೆ ಸಿಹಿನೀರು ಸಿಗುವುದು.”

ನಕ್ಕುಬಿಟ್ಟೆ. ಅವರು ನಗಲಿಲ್ಲ.

“ನಾನೇ ಜೋಡಿಸಿದ್ದು. ಬಳೇಪೇಟೆ ಪ್ರೆಸ್ಸು, ಹದಿನೇಳು ವರ್ಷ ನನಗೆ.
ಬಾವಿ ಪುಸ್ತಕಕ್ಕೆ ಎಷ್ಟು ಳ ಬೇಕು ಗೊತ್ತೇನಮ್ಮ?
ಕೊಳ, ಹಳ್ಳ, ಒಳಗೆ, ಕೆಳಗೆ, ಹೂಳು,
ಪ್ರತಿ ಪುಟದ ನೆತ್ತಿಗೆ ಬೆಂಗಳೂರು ಬೇರೆ.
ಖಾನೆಗೆ ಕೈ ಹಾಕಿದರೆ ಉಳಿದದ್ದು ಒಂದೇ ಮೊಳೆ.
ಆಳಕ್ಕೆ ಕೊಟ್ಟೆ.
ಮೊಳಕ್ಕೆ ಲ ಇಟ್ಟೆ, ಆಮೇಲೆ ಬದಲಿಸೋಣ ಅಂತ.”

ಆಮೇಲೆ?

“ಆಮೇಲೆ ಸಾವಿರ ಪ್ರತಿ.”

ಕೊನೆಯ ಹಾಳೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಇದೆ.
ಏಳು ತಪ್ಪು. ಮೊಲ ಇಲ್ಲ.
ಹೆಸರಲ್ಲೇ ಳಕ್ಕೆ ಳ ಒತ್ತು ಹೊತ್ತ ಮನುಷ್ಯ
ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅಕ್ಷರ ಓದುವ ತಂತ್ರಾಂಶ ಮಾತ್ರ ಹಿಡಿದಿತ್ತು.
ಕೆಂಪು ಗೆರೆ ಎಳೆದು ಕೇಳುತ್ತಿತ್ತು: ಮೊಳ?
ಒಂದು ಕ್ಲಿಕ್ಕಿನ ಕೆಲಸ.
ತಿದ್ದಲಾ, ಅಂದೆ.

ಹಿಂದಿನ ಬೀದಿಯಲ್ಲಿ ಬೋರ್‌ವೆಲ್ ಲಾರಿ.
ಬೆಳಗಿನಿಂದ ಕೊರೆಯುತ್ತಿದ್ದರು,
ಸಾವಿರದಿನ್ನೂರು ಅಡಿಗೂ ಬರೀ ಬೂದು ಧೂಳು.
ಕಿಟಕಿಯಲ್ಲಿ ನೋಡುತ್ತ ಬೆರಳು ಮಡಿಸಿದರು.
“ಎಂಟುನೂರು ಮೊಲ ಆಯ್ತು,” ಅಂದರು,
ಆಗ ನಕ್ಕರು, ಕೆಮ್ಮು ಬರುವಷ್ಟು.
“ಇರಲಿ ಬಿಡು.”

ಮಾರನೆಯ ದಿನ ಅರುಳ್ ಸಾರ್ ಪುಟ ವಾಪಸು ಕಳಿಸಿದರು.
ನಲವತ್ತೆರಡು: ಬೆರಳು ಕಾಣುತ್ತಿದೆ, ಮತ್ತೆ ತೆಗೆಯಿರಿ.
ಹೌದು, ಅಂಚಿನಲ್ಲಿ ನನ್ನ ಹೆಬ್ಬೆರಳು,
ಉಗುರಲ್ಲಿ ಬೆಳಗಿನ ಅರಿಶಿನ.
ಮತ್ತೆ ತೆಗೆಯಲು ಹೋದರೆ
ಆ ಮೂಲೆ ಗಾಜಿಗೆ ಅಂಟಿ ಪುಡಿಯಾಗಿತ್ತು.
ಈಗ ಆ ಪುಟ ಇಡಿಯಾಗಿರುವುದು
ನನ್ನ ಬೆರಳಿರುವ ಚಿತ್ರದಲ್ಲಿ ಮಾತ್ರ.
ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.
ಎರಡು ದಿನ ವಾದ ಮಾಡಿದೆ.

ಲೇಖಕ, ಪ್ರಕಾಶಕ, ಇಸವಿ, ಬೆಲೆ, ವಿಷಯ:
ಎಲ್ಲಕ್ಕೂ ಕಾಲಂ ಉಂಟು, ಮೊಳೆ ಜೋಡಿಸಿದವರಿಗಿಲ್ಲ.
ಕೊನೆಯಲ್ಲಿ ‘ಟಿಪ್ಪಣಿ’ ಅಂತ ಖಾಲಿ ಜಾಗ.
ಬರೆದೆ: ಪಿಳ್ಳಪ್ಪ, ಬಳೇಪೇಟೆ. ಳ ಸಾಲಲಿಲ್ಲ.

ಇನ್ನು ಎಲ್ಲೋ ಒಂದು ಮಗು
ಶಾಲೆಯ ಪಾಠಕ್ಕೆ ಮೊಲ ಅಂತ ಹುಡುಕಿದರೆ
ಕ್ಯಾರೆಟ್ಟು, ಬಿಳಿ ಕಿವಿಗಳನ್ನೆಲ್ಲ ದಾಟಿ
ನಮ್ಮ ಬಾವಿಯ ಹತ್ತಿರ ಬರುತ್ತದೆ.
ಕಟ್ಟೆಯ ಮೇಲೆ ಯಾರದೋ ಹೆಬ್ಬೆರಳು.
ಬಗ್ಗಿ ನೋಡಲಿ.