ಪದಕ್ಕೊಂದು ರಸೀದಿ

ಡುಲುತ್ ಊರಿನ ಲೈಬ್ರರಿ, ಎರಡನೇ ಮಹಡಿ,
ಏಳನೇ ಕಂಪ್ಯೂಟರು.
ಕಿಟಕಿಯಾಚೆ ಸರೋವರ. ಅದಿರಿನ ಹಡಗೊಂದು
ಸೇತುವೆ ಏಳಲೆಂದು ಕೂಗಿ ಕಾಯುತ್ತಿದೆ.
ಪಕ್ಕದಲ್ಲಿ ಹೆಲ್ಮಿ ರೌಟಿಯೊ, ಐವತ್ತಾರು,
ಕೋಟು ಬಿಚ್ಚಿಲ್ಲ,
ಬಂದವಳು ಹೊರಡುವವಳಂತೆ ಕೂತಿದ್ದಾಳೆ.

ಹೊಗೆ ಹಾಕಿದ ಮೀನು ಮಾರುವ ಕಂಪನಿಯಲ್ಲಿ
ಇಪ್ಪತ್ತಾರು ವರ್ಷ ಕಿರ್ದಿ ಬರೆದವಳು.
ಹದಿನೇಳು ಮಾರ್ಚಿ ಅವಳ ಮೇಜಿನೆದುರು
ಹಸಿರು ಪೆನ್ನು ಹಿಡಿದು ಕೂತ ಆಡಿಟರು ನಾನು.
ಕಂಪನಿ ಮುಚ್ಚಿತು. ನಾನು ನಿವೃತ್ತ.
ಈಗ ಮಂಗಳವಾರ ಮಂಗಳವಾರ ಇಲ್ಲಿ
ಅರ್ಜಿ ಹಾಕುವವರಿಗೆ ಪುಕ್ಕಟೆ ನೆರವು.

'ನಲವತ್ತೊಂದು ಕಡೆ ಹಾಕಿದೆ,' ಎಂದಳು,
'ನಲವತ್ತು ಮೌನ.
ಒಂದಕ್ಕೆ ಉತ್ತರ ಬಂತು, ಇಲ್ಲ ಅಂತ,
ರಾತ್ರಿ ಎರಡೂಕಾಲಿಗೆ.
ಅಷ್ಟು ಹೊತ್ತಲ್ಲಿ ಯಾವ ಮನುಷ್ಯ ಎದ್ದು ಓದುತ್ತಾನೆ?'

ಮನುಷ್ಯನಲ್ಲ ಹೆಲ್ಮಿ, ಜರಡಿ.
ಕೇಳಿದ ಪದ ಕಂಡರೆ ಹಿಡಿಯುತ್ತದೆ, ಕಾಣದಿದ್ದರೆ ಬಿಡುತ್ತದೆ.
ಅದಕ್ಕೆ ಕೋಪವಿಲ್ಲ.
ನೀನು ಬರೆದದ್ದೇನು ನೋಡು:
'ಪುಸ್ತಕ ನೋಡಿಕೊಂಡೆ.'
ಇಪ್ಪತ್ತಾರು ವರ್ಷಕ್ಕೆ ಎರಡೇ ಮಾತು!

ಆಚೆ ಕುರ್ಚಿಯ ಹುಡುಗ ಬಗ್ಗಿ ಪಿಸುಗುಟ್ಟಿದ:
'ಜಾಹೀರಾತನ್ನೇ ಇಡಿಯಾಗಿ ನಕಲು ಮಾಡಿ ಅಂಟಿಸಿ,
ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ.
ಯಂತ್ರ ಓದುತ್ತೆ, ಮನುಷ್ಯರಿಗೆ ಕಾಣಲ್ಲ.'
ಹೆಲ್ಮಿ ಅವನನ್ನು ನೋಡಿದಳು,
ಮೀನು ತೂಗುವವನ ಹೆಬ್ಬೆರಳನ್ನು
ನೋಡುತ್ತಿದ್ದ ಹಾಗೆ.

ಹಳೆ ಚಾಳಿ, ಹಸಿರು ಪೆನ್ನು ತೆಗೆದೆ.
ಅವರು ಕೇಳಿದ ಪದ ಒಂದೊಂದೇ ಓದುತ್ತೇನೆ,
ಪದಕ್ಕೊಂದು ರಸೀದಿ ತೋರಿಸು.
ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ಬ್ಯಾಂಕ್ ರಿಕನ್ಸಿಲಿಯೇಷನ್?
'ಬ್ಯಾಂಕಿನದಕ್ಕೂ ನಮ್ಮದಕ್ಕೂ ತಾಳೆ ನೋಡೋದು.
ತಿಂಗಳ ಮೊದಲ ಸೋಮವಾರ.
ಅಮ್ಮ ಸತ್ತ ತಿಂಗಳು ಮಾತ್ರ ಗುರುವಾರ.'
ಬರೆ.
ಅಕೌಂಟ್ಸ್ ಪೇಯಬಲ್?
'ಉಪ್ಪಿನವನು, ಐಸಿನವನು, ಮೇಪಲ್ ಕಟ್ಟಿಗೆಯವನು,
ಯಾರದೂ ಹದಿನೈದನೇ ತಾರೀಖು ದಾಟಿಸಿದವಳಲ್ಲ.'
ಎಷ್ಟು ಬಿಲ್ಲು? 'ತಿಂಗಳಿಗೆ ಇನ್ನೂರ ಹತ್ತು.'
ಅದನ್ನೂ ಬರೆ.
ತಂಡದ ನಾಯಕತ್ವ?
'ವಿಭಾಗದಲ್ಲಿ ಇದ್ದದ್ದು ನಾನು, ಒಂದು ಹೀಟರು.
ಅದೂ ನನ್ನ ಮಾತು ಕೇಳುತ್ತಿರಲಿಲ್ಲ.'
ಹೊಡೆದು ಹಾಕಿದೆವು.

ಕ್ಯಾಶ್ ಫ್ಲೋ ಫೋರ್‌ಕಾಸ್ಟಿಂಗ್.
ಇದು ದೊಡ್ಡ ಕಂಪನಿಗಳ ಪದ, ಬಿಡು, ಎಂದವನು ನಾನೇ.
ಅವಳು ಕೈಚೀಲ ತಡಕಿ ಪುಟ್ಟ ನೋಟ್‌ಬುಕ್ಕು ತೆಗೆದಳು,
ಮೀನಿನ ಹೊಗೆ ಇನ್ನೂ ಬಿಟ್ಟಿರಲಿಲ್ಲ.
ಇಸವಿಗೊಂದು ಪುಟ:
ಬಂದರು ಹೆಪ್ಪುಗಟ್ಟಿದ ದಿನ, ಕರಗಿದ ದಿನ,
ನಡುವೆ ಯಾವ ಹೋಟೆಲು ಎಷ್ಟು ವಾರ ಬಾಕಿ ಎಳೆಯುತ್ತದೆ,
ಸಂಬಳಕ್ಕೆಂದು ಅಕ್ಟೋಬರಿನಲ್ಲೇ
ಎಷ್ಟು ತೆಗೆದಿಡಬೇಕು.
ಇಪ್ಪತ್ತಾರು ಚಳಿಗಾಲ,
ಹನ್ನೊಂದು ಜನರ ಶುಕ್ರವಾರ
ಒಂದೂ ಬರಿಗೈಯಲ್ಲಿ ಹೋಗಿಲ್ಲ.
'ಇದಕ್ಕೆ ಹೆಸರಿದೆ ಅಂತ ಗೊತ್ತಿರಲಿಲ್ಲ,' ಎಂದಳು.

ಹದಿನೇಳು ಮಾರ್ಚಿ ಎದುರು ಕೂತಿದ್ದೆ.
ಈ ಪುಸ್ತಕವೊಂದನ್ನು ನಾನು ಕೇಳಿರಲೇ ಇಲ್ಲ.

ಬರೆದಳು. ಪದ ಅವರದು,
ಲೆಕ್ಕ ಇವಳದು.

ಕಳಿಸುವ ಮುಂಚೆ ಕಾಗದದ ಮೇಲೆ ನೋಡಬೇಕಂತೆ.
ಮೂರು ಪುಟ, ಪುಟಕ್ಕೆ ಹತ್ತು ಸೆಂಟು.
ಚಿಲ್ಲರೆ ಹಾಕಲು ಹೋದೆ, ಅವಳ ಕೈ ಅಡ್ಡ ಬಂತು.
ಆಗ ಹೇಳಿದೆ:
ಒಂದು ಮಾರ್ಚಿಯಲ್ಲಿ ನಲವತ್ತು ಸೆಂಟು ವ್ಯತ್ಯಾಸ ಹಿಡಿದೆನಲ್ಲ,
ನೀನು ಎರಡು ರಾತ್ರಿ ಹುಡುಕಿ, ಸಿಗದೆ,
ಕೊನೆಗೆ ನಿನ್ನ ಪರ್ಸಿನಿಂದ ಕಟ್ಟಿದೆಯಲ್ಲ,
ತಪ್ಪು ನನ್ನ ಹಾಳೆಯಲ್ಲಿತ್ತು.
ಏಪ್ರಿಲಿನಲ್ಲಿ ಗೊತ್ತಾಯಿತು.
ಹೇಳಲಿಲ್ಲ.

ಹಡಗು ಇನ್ನೊಮ್ಮೆ ಕೂಗಿತು,
ಸೇತುವೆ ಎದ್ದಿತೋ ಇಲ್ಲವೋ ನಾನು ನೋಡಲಿಲ್ಲ.
ಅವಳು ಕೈ ತೆಗೆದಳು. ಮೂರು ನಾಣ್ಯ ಒಳಗೆ ಬಿದ್ದವು.
ಚೀಟಿಗೆ ತಾರೀಖು ಹಾಕಿ, ಮಡಿಸಿ,
ನೋಟ್‌ಬುಕ್ಕಿನಲ್ಲಿಟ್ಟಳು.
ಮೂರೂ ಪುಟ ಬೆರಳಿಟ್ಟು ಓದಿ
ಗುಂಡಿ ಒತ್ತಿದಳು.
ಆಮೇಲೆ, ನನ್ನ ಕಡೆ ತಿರುಗದೆಯೇ:
'ಇನ್ನೂ ಹತ್ತು ಬಾಕಿ.'