ಲ್ಯಾಬಿನ ಬೀಗದಕೈ

ಕೌಲ್ ಬಜಾರಿನ ಹೈಸ್ಕೂಲಿನಲ್ಲಿ
ಹತ್ತೊಂಬತ್ತು ವರ್ಷದಿಂದ ಗಂಟೆ ಹೊಡೆಯುವವನು ನಾನು, ಹುಲುಗಪ್ಪ.
ಲ್ಯಾಬಿನ ಬೀಗದಕೈ ನನ್ನ ಉಡಿದಾರದಲ್ಲೇ ಇರ್ತಿತ್ತು.
ಇನ್‌ಸ್ಪೆಕ್ಷನ್ ಇದ್ದ ದಿನ ಮಾತ್ರ
ಅದಕ್ಕೆ ಬಾಗಿಲಿನ ನೆನಪು.

ಒಳಗೆ ಏನಿತ್ತು? ಧೂಳು.
ಸಂಡೂರು ಲಾರಿಗಳ ಕೆಂಪು ಧೂಳು
ಗಾಜಿನ ಬಾಟ್ಲಿಗಳ ಹಣೆಗೆಲ್ಲ ಕುಂಕುಮ ಇಟ್ಟಂಗೆ.
ಒಂದು ಪ್ಲಾಸ್ಟಿಕ್ ಹೃದಯ, ಎಡಗಡೆ ತುಂಡು ಕಳೆದದ್ದು.
ಹುಡುಕಿದ್ದೆ. ಸಿಗಲಿಲ್ಲ.

ಒಂದಿನ ಹೊನ್ನೂರಬೀ ಬಂದಳು, ಒಂಬತ್ತನೇ ಕ್ಲಾಸು.
ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವಾಕೆಯ ಮಗಳು.
ಕೈಯಲ್ಲಿ ನೀರಿನ ಬಾಟ್ಲಿ, ಬಾಟ್ಲಿ ತುಂಬ ನೀಲಿ.
"ಕಾಕಾ, ನಮ್ಮ ಓಣಿ ಗಟಾರ ಯಾಕೆ ನೀಲಿ ಅಂತ ನಂಗೊತ್ತು.
ಇದರಾಗೆ ಮೆಂತ್ಯ ಹುಟ್ಟತೈತೋ ಇಲ್ಲೋ, ಅದು ಗೊತ್ತಿಲ್ಲ.
ಬೀಗ ತೆಗೀರಿ."

'ಗೊತ್ತಿಲ್ಲ' ಅನ್ನುವ ಮಾತನ್ನು
ಇಷ್ಟು ಎದೆಯುಬ್ಬಿಸಿ ಹೇಳಿದ್ದು
ಆ ಕಟ್ಟಡದಲ್ಲಿ ನಾನು ಕೇಳಿದ್ದು ಅದೇ ಮೊದಲು.
ಅಲ್ಲಿ ಗೊತ್ತಿಲ್ಲ ಅಂದವರಿಗೆ ಬೆಂಚಿನ ಮೇಲೆ ಜಾಗ.

ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟೆ.

ಮೂರು ತಟ್ಟೆ. ತಟ್ಟೆಗೆ ಇಪ್ಪತ್ತು ಕಾಳು.
ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಗಟಾರದ ನೀಲಿ,
ಮೂರನೇದಕ್ಕೆ ಹೊಟ್ಟಿನ ಬೂದಿಯಲ್ಲಿ ಸೋಸಿದ ನೀಲಿ.
ಬೂದಿ ತಂದವನು ಗಾದಿಲಿಂಗ, ಮಾವನ ಮಂಡಾಳು ಭಟ್ಟಿಯಿಂದ,
ಅಂಗಿ ಜೇಬೆಲ್ಲ ಕಪ್ಪು ಮಾಡಿಕೊಂಡು.
ಸೋಸಿದ್ದೇ ನೀಲಿ ಮಾಯ! ಮಜ್ಜಿಗೆ ತಿಳಿಯ ಬಣ್ಣ.
"ಗೆದ್ವಿ" ಅಂತ ಕುಣಿದ ಅವನು.
ಪಂಪಾವತಿ ಮೇಡಂ ಕನ್ನಡಕ ಮೇಲೇರಿಸಿ ಅಂದರು:
"ಕಾಳನ್ನ ಕೇಳೋ. ಕಣ್ಣನ್ನಲ್ಲ."

ಐದನೇ ದಿನ ಎಣಿಸಿದರು.
ನಲ್ಲಿ ನೀರಲ್ಲಿ ಹದಿನೆಂಟು ಮೊಳಕೆ.
ನೀಲಿಯಲ್ಲಿ ಒಂಬತ್ತು.
ಸೋಸಿದ, ಚಂದದ, ತಿಳಿ ನೀರಲ್ಲಿ
ನಾಲ್ಕು.

ಸಂಜೆ ಕಸ ಹೊಡೆಯಲು ಹೋದೆ.
ಹುಡುಗಿ ಒಬ್ಬಳೇ ಕೂತಿದ್ದಾಳೆ,
ಪೆನ್ಸಿಲು 4ರ ಎಡಕ್ಕೆ ಬಂದು ನಿಂತಿದೆ.
ಒಂದು ಗೀಟು ಎಳೆದರೆ ಹದಿನಾಲ್ಕು.
ಸೋಮವಾರ ಜಿಲ್ಲಾ ಸ್ಪರ್ಧೆ.

ಏಳನೇ ಕ್ಲಾಸು ಫೇಲಾದವನು ನಾನೇನು ಹೇಳಲಿ?
ಬಿಸಿಯೂಟದ ಲೆಕ್ಕದಲ್ಲಿ, ಹಿಂದೊಮ್ಮೆ,
ಸಾಹೇಬರು ಹೇಳಿದರು ಅಂತ
ಇಂಥದೇ ಗೀಟು ನಾನೂ ಎಳೆದಿದ್ದೆ.
ಆ ಪುಸ್ತಕ ಇನ್ನೂ ಬೀರುವಿನಲ್ಲಿದೆ.
ಪೊರಕೆ ಹಿಡಿದು ಸುಮ್ಮನೆ ನಿಂತೆ.

ಅವಳು ಪೆನ್ಸಿಲು ಕೆಳಗಿಟ್ಟಳು.
ತಟ್ಟೆಗೆ ಮೂಗು ತಾಗಿಸಿ ಕೇಳಿದಳು,
ನನ್ನನ್ನಲ್ಲ, ತಟ್ಟೆಯನ್ನೇ:
"ಹಂಗಾದ್ರೆ ಬೂದಿ ನೀರಿಗೆ ಏನು ಕೊಟ್ಟಿತು?"

ಬೇಸಿಗೆಯಲ್ಲಿ ನಮ್ಮ ಕೋಟೆ ಬೆಟ್ಟ
ಹೊತ್ತು ಮುಳುಗಿದ ಮೇಲೂ ಕಾವು ಬಿಡ್ತದಲ್ಲ,
ಆ ಮಾತು ಹಾಗೆ, ಬೆಳಗಿನ ತನಕ, ನನ್ನ ಮೈಯೊಳಗೆ.

ಬಹುಮಾನ ಜ್ವಾಲಾಮುಖಿಗೆ ಹೋಯಿತು:
ಅಡುಗೆ ಸೋಡಾ, ಕೆಂಪು ಬಣ್ಣ, ಚಪ್ಪಾಳೆ.
ಇವರ ಚಾರ್ಟಿನ ಮುಂದೆ ನಿಂತವರು ಇಬ್ಬರೇ.
ಒಬ್ಬರು ಬಾತ್‌ರೂಮು ಎಲ್ಲಿ ಅಂತ ಕೇಳಿದರು.
ಇನ್ನೊಬ್ಬಾಕೆ ಅವಳ ತಾಯಿ,
ನೀಲಿ ಇಳಿಯದ ಬೆರಳನ್ನು ಒಂಬತ್ತರ ಮೇಲಿಟ್ಟು
"ಇಂಥಾದ್ರಾಗೂ ಒಂಬತ್ತು ಹುಟ್ಟಿದ್ವಾ? ಯಾವ ಒಂಬತ್ತು?"
ಅಂದಳು. ಮೇಡಂ ಅದನ್ನೂ ಬರೆದುಕೊಂಡರು.

ಈಗ ಬೂದಿಯನ್ನೇ ತೊಳೆದು ತೊಳೆದು ನೋಡ್ತಿದ್ದಾರೆ.
ಎಂಟನೇ ಕ್ಲಾಸಿನ ನಾಲ್ವರು ಸೇರಿಕೊಂಡಿದ್ದಾರೆ.
ಬರೋದಿದ್ದರೆ ನೀವೂ ಬನ್ನಿ ಮಕ್ಕಳೇ.
ಉತ್ತರ ತರಬೇಡಿ, ಉತ್ತರದ ಕಪಾಟು ಗೆದ್ದಲು ತಿಂದಿದೆ.
ತಟ್ಟೆ ನಿಮ್ಮ ಮನೆಯದೇ ತನ್ನಿ, ಇಲ್ಲಿ ಸಾಲೋದಿಲ್ಲ.

ಬೀಗದಕೈ ಉಡಿದಾರದಿಂದ ಬಿಚ್ಚಿ
ಕಿಟಕಿಯ ಮೊಳೆಗೆ ಹಾಕಿದ್ದೇನೆ,
ಗಿಡ್ಡ ಹುಡುಗರಿಗೂ ಎಟಕುವಷ್ಟು ಎತ್ತರ.
ನಿನ್ನೆ ಯಾರೋ ಮರೆತು ಮನೆಗೇ ಒಯ್ದಿದ್ದರು.
ಬೈಯಬೇಕು ಅಂತ ಗೇಟಿನಲ್ಲಿ ಕಾದೆ.

ಏಳು ಗಂಟೆಗೇ ಓಡಿ ಬಂದಳು,
ಒಂದು ಕೈಯಲ್ಲಿ ಬೀಗದಕೈ,
ಇನ್ನೊಂದರಲ್ಲಿ, ಈ ಸಲ, ಹಸಿರು ನೀರು.