ಬಳಿ ಸದ್ದು

ಸಮುದ್ರ ಕಂಡಿಲ್ಲ ಮಾಬೂಬಿ.
ಗೋಕುಲ ರೋಡಿನ ಶೆಡ್ಡಿನ್ಯಾಗ ಕುಂತು
ಅದರ ತಳಕ್ಕ ಕಿವಿ ಬೆಸೀತಾಳ:
ಕೂದಲೆಳಿಯಂಥಾ ತಂತಿ, ಅಂಟು, ರಬ್ಬರ್ ಟೊಪಗಿ.
"ಪರದೇಶದ ಕಿವಿ ಲಕ್ಷ, ನಮ್ಮದು ಒಂಬತ್ತ ಸಾವಿರ,"
ಹಂಚಿನಮನಿ ಸಾಹೇಬರ ಹಿಗ್ಗು.

ಸಮುದ್ರದಡಿ ಎಣ್ಣಿ ಎಷ್ಟ ಉಳದೈತಿ, ಹೆಂಗ ತಿಳೀತೈತ್ರಿ?
ಮನ್ಯಾಗ ಸಿಲಿಂಡರ್ ಬಡದು ನೋಡೂದಿಲ್ಲೇನ?
ಹೋದ ವರ್ಷ ಬಡದಲ್ಲೇ ಈ ವರ್ಷನೂ ಬಡೀಬೇಕು,
ಅದೇ ಕಿವಿ ಇಟ್ಟು.
ದನಿ ಬದಲಾದಷ್ಟು ಖಾಲಿ.

ಉಣಕಲ್ ಕೆರಿಯಾಗ ಪರೀಕ್ಷಾ, ಸರಹೊತ್ತು,
ಗೂಡ್ಸ್ ಗಾಡಿ ದಾಟಿದ ಮ್ಯಾಲ.
ಪರದೆ ತುಂಬ ಸಪಾಟ ಗೆರಿ, ನಡುವ ಒಂದ ಮುಳ್ಳು.
"ಏನಿದು?"
"ದೋಣಿ ಅಂಚಿಗೆ ನನ್ನ ಬಳಿ ಬಡೀತ್ರಿ.
ಅಳಸಬ್ಯಾಡ್ರಿ.
ಮುಂದಿನ ವರ್ಷ ಇಲ್ಲೇ ಮತ್ತ ಬಡದು ನೋಡೋಣು."